ದಾದಿಗೆ ಇನ್ನೊಂದು ಸರ್ಟಿಫಿಕೇಟು

ನರ್ಸಿಂಗ್ ಕಲಿತ ಮಗಳೋ ಸೊಸೆಯೋ ನಿಮ್ಮ ಮನೆಯಲ್ಲಿದ್ದರೆ ಈ ಪ್ರಶ್ನೆ ಒಂದಲ್ಲ ಒಂದು ದಿನ ಊಟದ ಹೊತ್ತಿಗೆ ಬಂದೇ ಬರುತ್ತದೆ. ಓದಿ ದಾದಿಯಾದದ್ದಾಯಿತು, ಈಗ ತೀವ್ರ ನಿಗಾ ಘಟಕದ್ದೋ, ನವಜಾತ ಶಿಶುಗಳದ್ದೋ, ಮನೋರೋಗಿಗಳ ಶುಶ್ರೂಷೆಯದೋ ಇನ್ನೊಂದು ವರ್ಷದ ಡಿಪ್ಲೊಮಾ ಬೇಕೇ? ಹಾಕಿದ ಹಣ ಮರಳಿ ಬಂದೀತೇ? ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಸಂಸಾರಗಳಿಗೆ ಇದು ಸಣ್ಣ ಮಾತಲ್ಲ.

ಮಸ್ಕಿಯ ಬಂಡೆಯನ್ನು ನೀವು ಬಲ್ಲಿರಿ. 1915ರಲ್ಲಿ ಅಲ್ಲಿ ಅಶೋಕನ ಹೆಸರು ದೊರೆತ ಮೇಲೆಯೇ ಶಾಸನಗಳ ‘ದೇವಾನಾಂಪ್ರಿಯ’ನು ಅವನೇ ಎಂಬುದು ಸ್ಥಿರಪಟ್ಟಿತು. ಅಷ್ಟು ದೊಡ್ಡ ಅರಸನಿಗೂ ಗುರುತಿನ ಪತ್ರವೊಂದು ಬೇಕಾಯಿತು! ದಾದಿಯರ ಪಾಡು ಇನ್ನೂ ಕಷ್ಟದ್ದಾಗಿತ್ತು. ಈ ಸೀಮೆ ನಿಜಾಮರ ಹೈದರಾಬಾದಿಗೆ ಸೇರಿದ್ದರೆ, ತುಂಗಭದ್ರೆಯ ಆಚೆಯ ಸಿರುಗುಪ್ಪ ಮದ್ರಾಸ್ ಪ್ರಾಂತದಲ್ಲಿತ್ತು. ಮದ್ರಾಸಿನಲ್ಲಿ 1926ರಲ್ಲೇ ದಾದಿಯರ, ಸೂಲಗಿತ್ತಿಯರ ನೋಂದಣಿಗೆ ಕಾನೂನಾಗಿತ್ತು. ಆದರೆ ಒಂದೆಡೆಯ ನೋಂದಣಿ ಇನ್ನೊಂದೆಡೆ ತಾನಾಗಿ ಸಲ್ಲುತ್ತಿರಲಿಲ್ಲ. ಹೊಳೆ ದಾಟಿದರೆ ಕಾಗದದ ಬೆಲೆಯೇ ಬದಲು.

ದಾದಿಯರೂ ಬಹಳ ವಿರಳ. 43,000 ಜನರಿಗೆ ಒಬ್ಬ ನರ್ಸು ಎಂದು 1946ರ ಭೋರ್ ಸಮಿತಿ ಲೆಕ್ಕ ಹೇಳಿತು. ಮರುವರ್ಷವೇ ಭಾರತೀಯ ನರ್ಸಿಂಗ್ ಕೌನ್ಸಿಲಿನ ಕಾನೂನು ಬಂದು, ಶಿಕ್ಷಣಕ್ಕೆ ದೇಶಕ್ಕೆಲ್ಲ ಒಂದೇ ಅಳತೆಗೋಲು ಇಡುವ ದಾರಿ ತೆರೆಯಿತು. 1956ರಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ, ಅಂದರೆ ಮುಂದೆ ನಿಮ್ಹಾನ್ಸ್ ಆದ ಸಂಸ್ಥೆಯಲ್ಲಿ, ಮನೋರೋಗ ಶುಶ್ರೂಷೆಯ ಒಂದು ವರ್ಷದ ತರಬೇತಿ ಆರಂಭವಾಯಿತು. ಅದೇ ವರ್ಷ ನವೆಂಬರ್ 1ರಂದು ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಬೆಂಗಳೂರು ನಮ್ಮದಾಯಿತು, ಹತ್ತಿರವೇನೂ ಆಗಲಿಲ್ಲ.

ಇನ್ನು ದುಡ್ಡಿನ ಮಾತು. 2016ರಲ್ಲಿ ಸುಪ್ರೀಂ ಕೋರ್ಟಿನ ಆದೇಶದ ಮೇರೆಗೆ ರಚಿತವಾದ ಸಮಿತಿಯು ಖಾಸಗಿ ದಾದಿಯರ ಸಂಬಳದ ಬಗ್ಗೆ ಶಿಫಾರಸು ಮಾಡಿತು. 200ಕ್ಕಿಂತ ಹೆಚ್ಚು ಹಾಸಿಗೆಗಳ ಆಸ್ಪತ್ರೆಯಲ್ಲಿ ಸರ್ಕಾರಿ ಸಂಬಳಕ್ಕೆ ಸಮನಾಗಿ, 50ಕ್ಕೂ ಕಡಿಮೆ ಇದ್ದಲ್ಲಿ ತಿಂಗಳಿಗೆ ಕನಿಷ್ಠ 20,000 ರೂಪಾಯಿ. ಮೆಟ್ಟಿಲು ಕಟ್ಟಿದ್ದು ಹಾಸಿಗೆಗಳ ಎಣಿಕೆಯ ಮೇಲೆ ಎಂಬುದನ್ನು ಗಮನಿಸಿರಿ. ದಾದಿಯ ವಿಶೇಷ ವಿದ್ಯೆಗೆ ಅಲ್ಲಿ ಬೇರೆ ಮೆಟ್ಟಿಲಿಲ್ಲ.

ಆ 20,000 ಕೈಗೆ ಬರುತ್ತಿದೆಯೆಂದೇ ಹಿಡಿಯೋಣ. ಕೆಲಸ ಬಿಟ್ಟು ಒಂದು ವರ್ಷ ಓದಲು ಹೋದರೆ, ಶುಲ್ಕ, ಹಾಸ್ಟೆಲು ಸೇರದೆಯೇ 2,40,000 ರೂಪಾಯಿ ಹೋಯಿತು. ಮರಳಿದ ಮೇಲೆ ತಿಂಗಳಿಗೆ 2,000 ಹೆಚ್ಚು ಸಿಕ್ಕರೂ ಅದು ತೀರಲು ಹತ್ತು ವರ್ಷ ಬೇಕು. ಸಾಲ ಮಾಡಿದ್ದರೆ ಬಡ್ಡಿ ಬೇರೆ. ಸಂಬಳಸಹಿತ ನಿಯೋಜನೆ ದೊರೆತ ಸರ್ಕಾರಿ ದಾದಿಗೆ ಈ ಲೆಕ್ಕ ಅನ್ವಯಿಸದು. ಅಂಥವರು ಹಿಂಜರಿಯಬೇಕಾದ ಕಾರಣವೇ ಕಾಣೆ.

ಹಾಗೆಂದು ವಿದ್ಯೆ ದಂಡವೆನ್ನಲಾರೆ. ಮಸ್ಕಿಯಲ್ಲಿ ಹುಟ್ಟಿದ ಕೂಸು ನರಳುತ್ತ ಉಸಿರೆಳೆದಾಗ, ರಾಯಚೂರಿನ ದೊಡ್ಡಾಸ್ಪತ್ರೆ ಗಂಟೆಗಳ ದಾರಿ. ತುಟಿ ನೀಲಿಗಟ್ಟುವ ಮೊದಲೇ ಅಪಾಯವನ್ನು ಗುರುತಿಸಿ, ಮೈ ಬೆಚ್ಚಗಿಟ್ಟು, ಉಸಿರಿಗೆ ನೆರವಾಗಿ ಕಳುಹಬಲ್ಲ ದಾದಿ ಬೇಕು. ಆಕೆಯ ಕೈಚಳಕದ ಲಾಭವೆಲ್ಲ ಊರಿಗೆ, ವೆಚ್ಚ ಮಾತ್ರ ಆಕೆಯ ತವರಿಗೆ ಎಂಬುದು ನ್ಯಾಯವಲ್ಲ. ಈ ಖರ್ಚನ್ನು ಆಸ್ಪತ್ರೆಗಳೇ ಹೊರಬೇಕೆಂಬುದು ನನ್ನ ಅಭಿಪ್ರಾಯ.

ಅಲ್ಲಿಯವರೆಗೆ, ಶುಲ್ಕ ಕಟ್ಟುವ ಮುನ್ನ ಆ ಸಂಸ್ಥೆಯ ಆ ಕೋರ್ಸಿಗೇ ಕೌನ್ಸಿಲಿನ ಮಾನ್ಯತೆ ಇದೆಯೇ ಎಂದು ವಿಚಾರಿಸಿರಿ. ಮರಳಿ ಬಂದರೆ ಅದೇ ಘಟಕದಲ್ಲಿ ಕೆಲಸ ಕೊಡುವಿರಾ, ಎಷ್ಟು ಹೆಚ್ಚು ಕೊಡುವಿರಿ ಎಂದು ಈಗಿನ ಆಸ್ಪತ್ರೆಯವರನ್ನು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.