ಸೇರು ಹೋಗಿ ಲೀಟರು ಬಂದ ಕಥೆ

ಸಂಘದ ಬೆಳ್ಳಿ ಹಬ್ಬದ ಈ ಸಂಚಿಕೆಗೆ ಅಳತೆಯ ವಿಚಾರ ಬರೆಯಲು ಮನಸ್ಸು ಮಾಡಿದ್ದೇವೆ. ಹಾಲಿನ ವ್ಯವಹಾರ ಅಂದರೆ ಅಳತೆಯ ವ್ಯವಹಾರ ತಾನೆ!

ನಮ್ಮ ದೇವಲಾಪುರದ ಕಡೆ ಹಿರಿಯರ ಬಾಯಲ್ಲಿ ಪಾವು, ಸೇರು, ಚಟಾಕು ಇನ್ನೂ ಇವೆ. ನಾಲ್ಕು ಪಾವು ಸೇರಿದರೆ ಒಂದು ಸೇರು, ಹದಿನಾರು ಚಟಾಕು ಸೇರಿದರೂ ಒಂದು ಸೇರು. ಯಾವ ಸೇರು ಅನ್ನುವುದೇ ತಕರಾರು. ಮೈಸೂರು ಸೀಮೆಯ ಕಚ್ಚಾ ಸೇರು 24 ತೊಲ, ಅಂದರೆ ಸುಮಾರು 280 ಗ್ರಾಂ. ಪಕ್ಕಾ ಸೇರು 80 ತೊಲ, ಅಂದರೆ 933 ಗ್ರಾಂ. ಹೆಸರು ಒಂದೇ, ತೂಕದಲ್ಲಿ ಮೂರು ಪಟ್ಟಿಗೂ ಮೀರಿದ ವ್ಯತ್ಯಾಸ! ಓದು ಬರಹ ಬಾರದ ರೈತ ಸಂತೆಯಲ್ಲಿ ಮೋಸ ಹೋಗಲು ಇನ್ನೇನು ಬೇಕಿತ್ತು?

ಇದರ ಜೊತೆಗೆ ಇಂಗ್ಲಿಷರ ಗ್ಯಾಲನ್ ಬೇರೆ. ಹತ್ತು ಪೌಂಡು ನೀರು ಹಿಡಿಯುವಷ್ಟು ಎಂದು 1824ರಲ್ಲಿ ಅವರು ಗೊತ್ತು ಮಾಡಿಕೊಂಡದ್ದು. ಒಂದು ಗ್ಯಾಲನ್‌ಗೆ 4.546 ಲೀಟರ್. ನಾಲ್ಕು ಗ್ಯಾಲನ್ ಸೀಮೆಎಣ್ಣೆ ಡಬ್ಬಕ್ಕೆ ಹದಿನೆಂಟು ಲೀಟರು, ಮೇಲೆ ಚೂರು. ಅಮೆರಿಕದ ಗ್ಯಾಲನ್ 3.785 ಲೀಟರ್ ಮಾತ್ರ, ಅದರ ಗೊಡವೆ ನಮಗೆ ಬೇಡ.

1956ರಲ್ಲಿ ಪಾರ್ಲಿಮೆಂಟು ತೂಕ ಮತ್ತು ಅಳತೆಗಳ ಕಾನೂನು ಮಾಡಿತು. 1957ರಲ್ಲಿ ನಯಾಪೈಸೆ ಬಂತು, 1958ರ ಅಕ್ಟೋಬರ್‌ನಿಂದ ಮೆಟ್ರಿಕ್ ಪದ್ಧತಿ ಹಂತ ಹಂತವಾಗಿ ಜಾರಿಯಾಯಿತು. ಪಕ್ಕಾ ಸೇರಿನ ತೂಕದ ನೀರು ಹಿಡಿಯುವ ಪಾತ್ರೆಗೆ 933 ಮಿಲಿಲೀಟರ್ ಆಗುತ್ತದೆ. ಹಾಗಾಗಿ ಸೇರಿನ ದರವನ್ನೇ ಲೀಟರಿಗೂ ಇಟ್ಟರೆ ಮಾರುವವನಿಗೆ ನೂರಕ್ಕೆ ಸುಮಾರು ಏಳು ನಷ್ಟ.

ಎಲ್ಲವೂ ಬದಲಾಗಲಿಲ್ಲ ಅನ್ನಿ. ಕನ್ನಂಬಾಡಿ ಕಟ್ಟೆಯ ಮಟ್ಟ ಇವತ್ತಿಗೂ ಅಡಿಯಲ್ಲೇ, ಒಳಹರಿವು ಕ್ಯೂಸೆಕ್‌ನಲ್ಲೇ. ಒಂದು ಘನ ಅಡಿಗೆ 28.3 ಲೀಟರ್. 124.80 ಅಡಿ ತುಂಬಿದಾಗ 49.45 ಟಿಎಂಸಿ, ಹತ್ತಿರ ಹತ್ತಿರ ಒಂದು ಲಕ್ಷ ನಲವತ್ತು ಸಾವಿರ ಕೋಟಿ ಲೀಟರ್!

ಇನ್ನು ಹಾಲಿಗೆ ಬರೋಣ. ಹಾಲು ನೀರಿಗಿಂತ ಭಾರ, ಒಂದು ಲೀಟರ್ ಸುಮಾರು 1.03 ಕೆಜಿ ತೂಗುತ್ತದೆ. ಅಳತೆ ಪಾತ್ರೆಯಲ್ಲಿ ಸುರಿದರೆ ನೊರೆಯೂ ಲೆಕ್ಕಕ್ಕೆ ಸೇರುತ್ತದೆ, ತೂಕದಲ್ಲಿ ನೊರೆಯ ಆಟ ನಡೆಯುವುದಿಲ್ಲ. ಆದರೆ ನೂರು ಲೀಟರ್ ಹಾಲು ತಕ್ಕಡಿಯಲ್ಲಿ 103 ಕೆಜಿ. ಲೀಟರಿನ ದರ, ಕೆಜಿಯ ದರ ಬೇರೆ ಬೇರೆ ಆಗಲೇಬೇಕು. ಸದಸ್ಯ ಬಾಂಧವರು ಹಾಲಿನ ಚೀಟಿ ಪಡೆಯುವಾಗ ಫ್ಯಾಟು ನೋಡುವ ಹಾಗೆಯೇ ಅದರಲ್ಲಿರುವ ಅಂಕಿ ಲೀಟರೋ ಕೆಜಿಯೋ ಎಂದು ಕಾರ್ಯದರ್ಶಿಗಳನ್ನು ಕೇಳಿ. ಸಂಕೋಚ ಬೇಡ.