ಅರವತ್ತು ದಿನಗಳ ಗಡುವು

ಮೋಟಾರು ಸೈಕಲ್ಲಿನಿಂದ ಬಿದ್ದು ಕಾಲು ಮುರಿದುಕೊಂಡವನಿಗೆ ಮೊದಲು ಬೇಕಾದವನು ವೈದ್ಯ. ವಕೀಲನ ನೆನಪು ಆಮೇಲಿನದು. ಈ ಸಣ್ಣ ಸಂಗತಿ ನಮ್ಮ ಶಾಸನಕರ್ತರಿಗೆ ಹೊಳೆಯಲು ಬಹುಕಾಲ ಹಿಡಿಯಿತು. ವಾಹನದ ಒಡೆಯನು ಅನ್ಯರಿಗಾಗುವ ಹಾನಿಗೆ ವಿಮೆ ಮಾಡಿಸಲೇಬೇಕೆಂದು 1939ರ ಮೋಟಾರು ವಾಹನ ಶಾಸನ ವಿಧಿಸಿತಾದರೂ ಆ ವಿಧಿ ಜಾರಿಗೆ ಬಂದುದು 1946ರ ಜುಲೈ 1ರಂದು. ಆಗಲೂ ಪರಿಹಾರ ಬೇಕೆಂದವನು ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಿ, ಕೋರ್ಟು ಶುಲ್ಕ ತೆತ್ತು, ವರ್ಷಗಟ್ಟಲೆ ಕಾಯಬೇಕಾಗಿತ್ತು. ಆ ಬವಣೆಯನ್ನು ತಪ್ಪಿಸಲೆಂದು 1956ರ ತಿದ್ದುಪಡಿ ಪರಿಹಾರ ನ್ಯಾಯಮಂಡಲಿಗಳಿಗೆ ಎಡೆಮಾಡಿತು. ಆದರೆ ಅರ್ಜಿಗೆ ಇಟ್ಟ ಗಡುವು ಅರವತ್ತೇ ದಿನ! ಮುರಿದ ಎಲುಬು ಪಂಚಾಂಗ ನೋಡಿಕೊಂಡು ಕೂಡುವುದುಂಟೆ? ತಕ್ಕ ಕಾರಣವಿದ್ದರೆ ತಡವನ್ನು ಮನ್ನಿಸುವ ಅಧಿಕಾರ ಮಂಡಲಿಗೆ ಇದ್ದಿತು, ನಿಜ. ಆ ಕಾರಣವನ್ನು ರುಜುವಾತು ಮಾಡುವ ಹೊರೆ ಮಾತ್ರ ಗಾಯಾಳುವಿನದೇ.

1969ರ ತಿದ್ದುಪಡಿ ಅದನ್ನು ಆರು ತಿಂಗಳಿಗೆ ಹಿಗ್ಗಿಸಿತು. 1988ರ ಹೊಸ ಶಾಸನವೂ ಅಷ್ಟನ್ನೇ ಉಳಿಸಿಕೊಂಡಿತು. 1994ರಲ್ಲಿ ಗಡುವನ್ನೇ ತೆಗೆದುಹಾಕಿದರು. ಈ ಶಾಸನದ ಚರಿತ್ರೆಯಲ್ಲಿ ಇಷ್ಟು ಮಾನವೀಯವಾದ ಹೆಜ್ಜೆ ನನಗೆ ಇನ್ನೊಂದು ಕಾಣದು. 2019ರ ತಿದ್ದುಪಡಿ ಆರು ತಿಂಗಳನ್ನು ಮರಳಿ ತಂದಿತು. 2022ರ ಏಪ್ರಿಲ್ 1ರಂದು ಅದು ಜಾರಿಗೆ ಬಂದಿತು. ಅದು ಸರಿಯೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೂ ಹತ್ತಿದೆ.