ಎಲೆಕ್ಟ್ರಿಕ್ ಮಡ್

ಅಮೆರಿಕದ ಬ್ಲೂಸ್ ಗಾಯಕ ಮಡ್ಡಿ ವಾಟರ್ಸನ 1968ರ ಆಲ್ಬಮ್. ಷಿಕಾಗೋದ ಚೆಸ್ ರೆಕಾರ್ಡ್ಸ್ ಕಂಪನಿ ತನ್ನ ಕೆಡೆಟ್ ಕಾನ್ಸೆಪ್ಟ್ ಲೇಬಲ್ಲಿನಲ್ಲಿ ಹೊರತಂದಿತು. ಬ್ಲೂಸನ್ನು ಎರವಲು ಪಡೆದ ಬಿಳಿಯರ ರಾಕ್ ತಂಡಗಳು ಹಣ ಬಾಚುತ್ತಿರುವಾಗ ಆ ಕೇಳುಗರ ಮುಂದೆ ಮೂಲಪುರುಷನನ್ನೇ ನಿಲ್ಲಿಸಬಾರದೇಕೆ ಎಂಬುದು ಕಂಪನಿ ಮಾಲೀಕನ ಮಗ ಮಾರ್ಷಲ್ ಚೆಸ್‌ನ ಎಣಿಕೆ. ಎಂಟು ಹಾಡುಗಳಲ್ಲಿ ಐದು ಮಡ್ಡಿಯ ಹಳೆಯವೇ. ಇನ್ನೊಂದು ರೋಲಿಂಗ್ ಸ್ಟೋನ್ಸ್ ತಂಡದ್ದು. ಆ ತಂಡ ಹೆಸರಿಟ್ಟುಕೊಂಡದ್ದೇ ಮಡ್ಡಿಯ 1950ರ ಹಾಡಿನಿಂದ. ಸಾಲ ಕೊಟ್ಟವನೇ ಸಾಲಗಾರನ ಮನೆಗೆ ಕಡ ಕೇಳಲು ಹೋದಂತಾಯಿತು! ಬಿಲ್‌ಬೋರ್ಡ್ ಆಲ್ಬಮ್ ಪಟ್ಟಿಯಲ್ಲಿ ಇದು 127ನೆಯ ಸ್ಥಾನ ತಲುಪಿತು. ಆ ಪಟ್ಟಿಯ ಮುಖ ಕಂಡ ಮಡ್ಡಿಯ ಮೊದಲ ಆಲ್ಬಮ್ ಇದೇ. ವಿಮರ್ಶಕರು ಮಾತ್ರ ಶುದ್ಧ ಬ್ಲೂಸಿಗೆ ರಾಕ್ ಬೆರೆಸಿ ಕೆಡಿಸಿದ ವ್ಯಾಪಾರವೆಂದು ತಳ್ಳಿಹಾಕಿದರು.

ಈ ಆರೋಪದ ಬುಡ ಗಟ್ಟಿಯಿಲ್ಲ. 1943ರಲ್ಲಿ ಮಿಸಿಸಿಪಿಯ ಹತ್ತಿಹೊಲ ಬಿಟ್ಟು ಷಿಕಾಗೋಗೆ ಬಂದ ಮಡ್ಡಿ, ಬಾರುಗಳ ಗದ್ದಲದಲ್ಲಿ ಕೇಳಿಸಲೆಂದು ವಿದ್ಯುತ್ ಗಿಟಾರ್ ಹಿಡಿದವನು. 1958ರಲ್ಲಿ ಇಂಗ್ಲೆಂಡಿನಲ್ಲಿ ಅದೇ ಗಿಟಾರ್ ಕೇಳಿ, ಜಾನಪದ ಗಾಯಕನನ್ನು ನಿರೀಕ್ಷಿಸಿ ಬಂದಿದ್ದ ಹಲವರು ಅಬ್ಬರವೆಂದು ಮುಖ ಸಿಂಡರಿಸಿದರು. 1964ರಲ್ಲಿ ಇದೇ ಚೆಸ್ ಕಂಪನಿ ಸಾದಾ ಗಿಟಾರ್ ಕೊಟ್ಟು 'ಫೋಕ್ ಸಿಂಗರ್' ಎಂಬ ಆಲ್ಬಮ್ ಮಾಡಿಸಿತು. ಅದೂ ಆಗಿನ ಮಾರುಕಟ್ಟೆಯ ಗಾಳಿ ನೋಡಿ ತೂರಿದ್ದೇ. ಆದರೂ ಅದನ್ನು ಯಾರೂ ಕಲಬೆರಕೆ ಎನ್ನಲಿಲ್ಲ. ಶುದ್ಧತೆಯ ಗೆರೆ ಕೇಳುಗರ ಅನುಕೂಲಕ್ಕೆ ತಕ್ಕಂತೆ ಸರಿಯುತ್ತಿತ್ತು. 'ಎಲೆಕ್ಟ್ರಿಕ್ ಮಡ್'ನಲ್ಲಿ ನುಡಿಸಿದವರೂ ಹೊರಗಿನವರಲ್ಲ. ಆರ್ಗನ್‌ನ ಚಾರ್ಲ್ಸ್ ಸ್ಟೆಪ್ನಿ, ಗಿಟಾರಿನ ಪೀಟ್ ಕೋಸಿ ಮತ್ತು ಫಿಲ್ ಅಪ್‌ಚರ್ಚ್, ಬಾಸ್‌ನ ಲೂಯಿ ಸ್ಯಾಟರ್‌ಫೀಲ್ಡ್ ಷಿಕಾಗೋದ ಕಪ್ಪು ಸಂಗೀತಗಾರರೇ. 'ಶೀಸ್ ಆಲ್‌ರೈಟ್' ಹಾಡಿನ ಕೊನೆಯಲ್ಲಿ, ಕರ್ಕಶವಾಗಿ ಕೂಗುವ ಗಿಟಾರುಗಳ ನಡುವಿನಿಂದ ಟೆಂಪ್ಟೇಷನ್ಸ್ ತಂಡದ 'ಮೈ ಗರ್ಲ್' ರಾಗ ಮೆಲ್ಲಗೆ ತಲೆಯೆತ್ತುತ್ತದೆ. ಹಳ್ಳಿಯ ಬ್ಲೂಸು, ನಗರದ ಸೋಲ್ ಒಂದೇ ಮನೆಯವು ಎಂದು ಇಷ್ಟು ಚುರುಕಾಗಿ ತೋರಿಸಿದ ರೆಕಾರ್ಡುಗಳು ಕಡಿಮೆ.

ಮಡ್ಡಿಗೇ ಇದು ಹಿಡಿಸಲಿಲ್ಲವಲ್ಲ ಎಂಬ ಆಕ್ಷೇಪವನ್ನು ಹಗುರವಾಗಿ ಕಾಣುವಂತಿಲ್ಲ. ಈತ ಇಲ್ಲಿ ಗಿಟಾರ್ ಮುಟ್ಟಿಲ್ಲ, ಬರೀ ಹಾಡಿದ್ದಾನೆ. ತನ್ನ ತಂಡದೊಂದಿಗೆ ವೇದಿಕೆಯಲ್ಲಿ ನುಡಿಸಲಾಗದ ರೆಕಾರ್ಡು ಏತಕ್ಕೆ ಎಂಬುದು ಈತನ ತಕರಾರು. ತಕರಾರು ನ್ಯಾಯವೇ. ಆದರೆ ಅದು ಆಲ್ಬಮ್ ಯಾರದು ಎಂಬ ಪ್ರಶ್ನೆಗೆ ಸಲ್ಲುತ್ತದೆ, ಹೇಗಿದೆ ಎಂಬುದಕ್ಕಲ್ಲ. ಸುತ್ತ ಏನೇ ಸಿಡಿದರೂ ಆ ಕಂಠ ಅವಸರಪಡುವುದಿಲ್ಲ. ಕೋಸಿ 1973ರಲ್ಲಿ ಜಾಝ್ ಸಂಗೀತಗಾರ ಮೈಲ್ಸ್ ಡೇವಿಸನ ತಂಡ ಸೇರಿ ಇದೇ ಜಾಡನ್ನು ಇನ್ನಷ್ಟು ದೂರ ಒಯ್ದ. ಪಬ್ಲಿಕ್ ಎನಿಮಿ ತಂಡದ ರ‍್ಯಾಪ್ ಗಾಯಕ ಚಕ್ ಡಿ ಈ ಆಲ್ಬಮ್ಮಿನ ಮೂಲಕವೇ ಬ್ಲೂಸಿನತ್ತ ಹೊರಳಿದವನು. 2003ರ 'ಗಾಡ್‌ಫಾದರ್ಸ್ ಅಂಡ್ ಸನ್ಸ್' ಸಾಕ್ಷ್ಯಚಿತ್ರದಲ್ಲಿ ಆಲ್ಬಮ್ಮಿನ ವಾದಕರನ್ನು ಮತ್ತೆ ಒಟ್ಟುಗೂಡಿಸಿದ. ಮಡ್ಡಿ ತೀರಿಕೊಂಡು ಆಗಲೇ ಇಪ್ಪತ್ತು ವರ್ಷವಾಗಿತ್ತು.